ಸಂಗಪ್ಪನವರ ಹೊಳೆ, ನನ್ನ ಉಪಗ್ರಹ

ಉಪಗ್ರಹದಿಂದ ನದಿಗಳ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ ಎಂದರೆ ನೆಂಟರಲ್ಲಿ ಅರ್ಧ ಜನ ನಾನು ರಾಕೆಟ್ ಹಾರಿಸುತ್ತೇನೆ ಎಂದುಕೊಂಡಿದ್ದರು. ಉಳಿದರ್ಧ ಜನ ಬಸವೇಶ್ವರನಗರದ ನಮ್ಮ ಬೀದಿಗೆ ಕಾವೇರಿ ನೀರು ಮತ್ತೆ ಯಾವಾಗ ಬಿಡುತ್ತಾರೆ ಎಂದು ನನ್ನನ್ನೇ ಕೇಳುತ್ತಿದ್ದರು. ಮೊದಲನೆಯದು ನಿಜವಲ್ಲ, ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಿವೃತ್ತಳಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಆಗಾಗ ಮನೆಗೆ ಬರುತ್ತಾರೆ. ನಾನು ಮೂರು ತಿಂಗಳು ಕೂತು ಮಾಡುತ್ತಿದ್ದ ಲೆಕ್ಕ ಅವರ ಲ್ಯಾಪ್‌ಟಾಪಿನಲ್ಲಿ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಅವರಿಗೆ ಹೇಳಿಕೊಡಲು ನನ್ನಲ್ಲಿ ಲೆಕ್ಕವಿಲ್ಲ. ನಾನು ಮಾಡಿದ ತಪ್ಪುಗಳಿವೆ. ಅದರಲ್ಲಿ ಒಂದು ತಪ್ಪಿನಿಂದ ಒಬ್ಬ ಮನುಷ್ಯನ ಕೆಲಸವೇ ಹೋಯಿತು. ಅದನ್ನು ಬರೆದಿಡಬೇಕು ಅನ್ನಿಸಿದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಕಚೇರಿ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಒಂದು ಲೇತ್ ವರ್ಕ್‌ಶಾಪಿನ ಮಹಡಿಯ ಮೇಲಿತ್ತು. ಮೂರು ಕೋಣೆ, ನಾಲ್ಕು ಜನ. ಕೆಳಗೆ ದೊಡ್ಡ ಯಂತ್ರ ಚಾಲೂ ಮಾಡಿದರೆ ನಮ್ಮ ಕಂಪ್ಯೂಟರಿನ ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಕಬ್ಬಿಣದ ಬಿಸಿ ವಾಸನೆ ಸಂಜೆ ನನ್ನ ಸೀರೆಯ ಜೊತೆ ಮನೆಯವರೆಗೂ ಬರುತ್ತಿತ್ತು. ಅಲ್ಲಿಯವರೆಗೆ ನಾನು ಮಳೆ ಅಳತೆಯ ಪಟ್ಟಿಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದವಳು. ನಮ್ಮ ಮುಖ್ಯಸ್ಥರಾದ ಮೂರ್ತಿ ಸಾರ್ ಒಂದು ದಿನ ಅಂಚೆಯಲ್ಲಿ ಬಂದ ಸಿಡಿಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಸುಜಾತಾ, ಇನ್ಮೇಲೆ ಇದು ನಿಮ್ದು. ನನಗೂ ಪೂರ್ತಿ ಗೊತ್ತಿಲ್ಲ. ಇಬ್ಬರೂ ಸೇರಿ ಕಲಿಯೋಣ" ಎಂದರು. ತನಗೆ ಗೊತ್ತಿಲ್ಲ ಎಂದು ಹೇಳಿದ ಮೇಲಧಿಕಾರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಸುಮಾರು ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಸುತ್ತುತ್ತಿರುತ್ತದೆ. ಅದು ಕೆಳಗೆ ರೇಡಾರ್ ಅಲೆಯನ್ನು ಬಿಡುತ್ತದೆ, ಅಲೆ ನೀರಿಗೆ ಬಡಿದು ಹಿಂತಿರುಗುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಉಪಗ್ರಹದ ಎತ್ತರದಲ್ಲಿ ಆ ದೂರ ಕಳೆದರೆ ನೀರಿನ ಮಟ್ಟ. ಅದು ಒಂದೇ ದಾರಿಯಲ್ಲಿ ಮತ್ತೆ ಬರುವುದು ಮೂವತ್ತೈದು ದಿನಕ್ಕೊಮ್ಮೆ. ಆ ದಾರಿ ನದಿಯನ್ನು ಅಡ್ಡ ದಾಟುವ ಜಾಗದಲ್ಲಿ ಮಾತ್ರ ನಮಗೆ ಅಳತೆ ಸಿಗುತ್ತಿತ್ತು. ಸಮುದ್ರಕ್ಕೆಂದು ಮಾಡಿದ ಉಪಕರಣವದು. ನಾವು ಅದನ್ನು ಹೊಳೆ, ಹಿನ್ನೀರು, ಜೌಗುಗಳ ಮೇಲೆ ಪ್ರಯೋಗಿಸಿ ನೋಡುತ್ತಿದ್ದೆವು.

ನನ್ನ ಮೊದಲ ಗ್ರಾಫ್ ಕರಾವಳಿಯ ಒಂದು ಅಳಿವೆಯದು. ಎರಡು ತಿಂಗಳು ಒದ್ದಾಡಿ, ಬಣ್ಣದ ಪ್ರಿಂಟ್ ತೆಗೆದು, ಹೆಮ್ಮೆಯಿಂದ ಮೂರ್ತಿ ಸಾರ್ ಮುಂದಿಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ನೀರಿನ ಮಟ್ಟ ಮೈನಸ್ ತೊಂಬತ್ತು ಮೀಟರ್ ಹತ್ರ ಇದೆಯಲ್ಲಾ?"

"ಹೌದು ಸಾರ್."

"ಅಂದ್ರೆ ಸಮುದ್ರಕ್ಕಿಂತ ತೊಂಬತ್ತು ಮೀಟರ್ ಕೆಳಗೆ. ಸಮುದ್ರದ ಪಕ್ಕದಲ್ಲೇ. ಅಲ್ಲಿನ ಜನಕ್ಕೆ ಮೊದಲು ಫೋನ್ ಮಾಡಿ ಹೇಳೋಣ್ವಾ?"

ಉಪಗ್ರಹ ಎತ್ತರವನ್ನು ಲೆಕ್ಕ ಹಾಕುವುದು ಭೂಮಿಯನ್ನು ಒಂದು ನಯವಾದ ಮೊಟ್ಟೆಯಾಕಾರ ಎಂದುಕೊಂಡು. ನಿಜವಾದ ಸಮುದ್ರ ಹಾಗೆ ನಯವಾಗಿಲ್ಲ, ನಮ್ಮ ದಕ್ಷಿಣ ಭಾರತದ ಕಡೆ ಅದು ಆ ಆಕಾರಕ್ಕಿಂತ ತುಂಬಾ ತಗ್ಗಿನಲ್ಲಿದೆ. ಆ ವ್ಯತ್ಯಾಸವನ್ನು ಸೇರಿಸುವುದನ್ನೇ ನಾನು ಮರೆತಿದ್ದೆ. ಮೂರ್ತಿ ಸಾರ್ ನಕ್ಕರು, ಆದರೆ ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಮಡಚಿ ನನ್ನ ಕೈಗೇ ಕೊಟ್ಟು, "ನೀವು ಒಮ್ಮೆ ನೀರಲ್ಲಿ ಕಾಲಿಟ್ಟು ಬನ್ನಿ" ಎಂದರು.

ಹಾಗೆ ನನ್ನನ್ನು ಕೆಂಗೇರಿಯ ಆಚೆಯ ಒಂದು ಕೆರೆಗೆ ಕಳಿಸಿದರು. ಅದು ನಮ್ಮ ಉಪಗ್ರಹಕ್ಕೆ ಸರಿಯಾಗಿ ಸಿಗುವಷ್ಟು ದೊಡ್ಡ ಕೆರೆಯಲ್ಲ. ನೀರಿನಲ್ಲಿ ನೆಟ್ಟ ಅಳತೆಯ ಪಟ್ಟಿಯನ್ನು, ಅಂದರೆ ಗೇಜನ್ನು, ಕೈಯಾರೆ ಓದಲು ಕಲಿಯಲಿ ಎಂದಷ್ಟೇ. ಏರಿಯ ಮೇಲೆ ನಾನು ನೋಟ್‌ಪುಸ್ತಕ ಹಿಡಿದು ನಿಂತಿದ್ದಾಗ, ಹಸುವಿನ ಹಗ್ಗ ಹಿಡಿದಿದ್ದ ಒಬ್ಬ ಅಜ್ಜಿ ನನ್ನ ಹಿಂದೆ ಬಂದು ನಿಂತರು. ಆ ಊರಿನ ಹಳೇ ಒಕ್ಕಲು ಮನೆತನದವರು.

"ಏನಮ್ಮಾ, ಸೈಟ್ ಅಳೀತಿದೀರಾ?"

"ಇಲ್ಲ ಅಜ್ಜಿ, ನೀರು ಅಳೀತಿದೀನಿ."

"ನೀರಳ್ದು ಆಮೇಲೆ ಲೇಔಟ್ ಮಾಡ್ತೀರಾ?"

"ಇಲ್ಲಜ್ಜಿ, ಎಷ್ಟು ನೀರಿದೆ ಅಂತ ತಿಳ್ಕೊಳ್ಳೋಕೆ ಅಷ್ಟೇ."

"ಅಷ್ಟಕ್ಕೆ ಇಷ್ಟು ದೂರ ಬಂದ್ರಾ? ನನ್ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದು ಅಜ್ಜಿ ಕೆರೆಯ ಕಡೆ ಕೈ ತೋರಿಸಿದರು. "ಅಗೋ, ಆ ಒಗೆಯೋ ಕಲ್ಲು ಮುಳುಗಿದ್ರೆ ಕೋಡಿಗೆ ಇನ್ನು ಎರಡಾಳು. ಹೋದ್ ತಿಂಗ್ಳು ಕಲ್ಲು ಅರ್ಧ ಕಾಣ್ತಿತ್ತು."

ನಾನು ಅದನ್ನು ಬರೆದುಕೊಂಡೆ. ಅಜ್ಜಿಗೆ ಖುಷಿಯಾಯಿತು. ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟರು. ನೀರಿನ ಪಕ್ಕದಲ್ಲಿ ಬದುಕುವವರನ್ನು ಮೊದಲು ಕೇಳಬೇಕು ಎಂಬುದು ಅವತ್ತೇ ನನಗೆ ತಿಳಿಯಿತು. ತಿಳಿದದ್ದು ಮನಸ್ಸಿನಲ್ಲಿ ನಿಲ್ಲಲಿಲ್ಲ, ಅಷ್ಟೇ.

ಮೂರು ವರ್ಷ ಕಳೆಯುವಷ್ಟರಲ್ಲಿ ನನ್ನ ಕೈ ಪಳಗಿತ್ತು. ಜೊತೆಗೆ ಸ್ವಲ್ಪ ಜಂಬವೂ ಬಂದಿತ್ತು. ಆಗ ಕೃಷ್ಣಾ ನದಿಯ ಒಂದು ಜಾಗದ ಅಳತೆಗಳನ್ನು ಪರಿಶೀಲಿಸುವ ಕೆಲಸ ಬಂತು. ಅಲ್ಲಿ ಉಪಗ್ರಹದ ದಾರಿ ನದಿಯನ್ನು ದಾಟುತ್ತಿತ್ತು, ಪಕ್ಕದಲ್ಲೇ ಇಲಾಖೆಯ ಗೇಜೂ ಇತ್ತು. ಗೇಜನ್ನು ದಿನಾ ಓದಿ ಬರೆಯುವವರು ಸಂಗಪ್ಪ ಎಂಬುವವರು. ಮಳೆಗಾಲದಲ್ಲಿ ಅವರ ಅಳತೆ, ನನ್ನ ಅಳತೆ ಎರಡೂ ಸರಿಯಾಗಿ ಕೂಡುತ್ತಿದ್ದವು. ಬೇಸಿಗೆ ಬಂದರೆ ಸಾಕು, ಉಪಗ್ರಹದ ಮಟ್ಟ ಅವರದ್ದಕ್ಕಿಂತ ಒಂದೂವರೆ ಮೀಟರಿಗೂ ಹೆಚ್ಚು ಕೆಳಗೆ ಹೋಗುತ್ತಿತ್ತು. ಅವರ ಪಟ್ಟಿ ನೋಡಿದರೆ ವಾರಗಟ್ಟಲೆ ಒಂದೇ ಸಂಖ್ಯೆ. ಆಮೇಲೆ ಒಂದು ಬೆರಳಿನಷ್ಟು ಕಡಿಮೆ. ಮತ್ತೆ ವಾರಗಟ್ಟಲೆ ಅದೇ. ನಡುವೆ ನಾಲ್ಕು ದಿನ ಬರವಣಿಗೆಯೇ ಬೇರೆ ಕೈಯದು.

ಈ ಮನುಷ್ಯ ಬಿಸಿಲಿಗೆ ಹೆದರಿ ಹೊಳೆಗೆ ಹೋಗದೆ ಮನೆಯಲ್ಲಿ ಕೂತು ಬರೆದಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಒಂದು ಟಿಪ್ಪಣಿ ಬರೆದೆ. 'ಬೇಸಿಗೆಯ ಗೇಜ್ ಅಳತೆಗಳು ನಂಬಲರ್ಹವಲ್ಲ, ಸ್ಥಳಕ್ಕೆ ಹೋಗದೆ ದಾಖಲಿಸಿದಂತಿದೆ' ಎಂಬ ವಾಕ್ಯ ಅದರಲ್ಲಿತ್ತು. ಬರೆದ ಮೇಲೆ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ ಅನ್ನಿಸಿತು. ಮೂರ್ತಿ ಸಾರ್ ಮನೆಯಲ್ಲಿ ಆಗ ಯಾರಿಗೋ ಹುಷಾರಿರಲಿಲ್ಲ, ಅವರು ಗಡಿಬಿಡಿಯಲ್ಲಿ ಸಹಿ ಹಾಕಿದರು. ಟಿಪ್ಪಣಿ ಇಲಾಖೆಗೆ ಹೋಯಿತು. ನಾನು ಬೇರೆ ನದಿಯ ಕೆಲಸ ಹಿಡಿದೆ.

ಎರಡು ತಿಂಗಳ ಮೇಲೆ, ಊಟದ ಹೊತ್ತು ಮುಗಿದಿತ್ತು. ವಯಸ್ಸಾದ ಒಬ್ಬರು ಮಗಳ ಜೊತೆ ನಮ್ಮ ಮೆಟ್ಟಿಲು ಹತ್ತಿ ಬಂದರು. ಬಿಳಿ ಅಂಗಿ, ಪಂಚೆ, ತಲೆಗೆ ಟೋಪಿ, ಬಗಲಲ್ಲಿ ಬಟ್ಟೆಯ ಚೀಲ. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು ಕೇಳಿದರು.

"ಸುಜಾತಾ ಬಾಯಾರು ಅಂದ್ರ ಯಾರ್ರೀ?"

"ನಾನೇ. ನೀವು?"

"ನಾ ಸಂಗಪ್ಪರೀ. ಕೃಷ್ಣಾ ದಂಡಿ ಗೇಜಿನ ಸಂಗಪ್ಪ. ನೀವು ನನ್ನ ಮ್ಯಾಲ ಬರದೀರಂತಲ್ರೀ, ಅದ ಸಂಗಪ್ಪ."

ಅವರ ಮಗಳು ನೀಲವ್ವ ಸುಂಕದಕಟ್ಟೆಯಲ್ಲಿ ಗಂಡನ ಜೊತೆ ಇದ್ದಳು, ಗಾರ್ಮೆಂಟ್ಸಿನಲ್ಲಿ ಕೆಲಸ. ಅಪ್ಪನನ್ನು ಕೆಲಸದಿಂದ ತೆಗೆದ ಕಾಗದದಲ್ಲಿ ನಮ್ಮ ಕಚೇರಿಯ ಹೆಸರು ನೋಡಿ, ಅವತ್ತು ರಜೆ ಹಾಕಿ, ಮಾಗಡಿ ರಸ್ತೆಯ ಬಸ್ಸು ಹತ್ತಿಸಿ ಕರೆತಂದಿದ್ದಳು. ಅವಳ ಮುಖದಲ್ಲಿ ಸಿಟ್ಟಿತ್ತು. ಅವರ ಮುಖದಲ್ಲಿ ಇರಲಿಲ್ಲ.

"ಜಗಳಕ್ಕ ಬಂದಿಲ್ರೀ ಬಾಯಾರ" ಎಂದರು ಸಂಗಪ್ಪ. "ಮ್ಯಾಲಿಂದ ನೋಡೋ ಮಶಿನ್ನು ಸುಳ್ಳ ಹೇಳಂಗಿಲ್ಲ ಅಂದ್ರು ನಮ್ಮ ಸಾಹೇಬ್ರು. ಇರಬಹುದ್ರೀ. ಆದ್ರ ನಾನೂ ಸುಳ್ಳ ಹೇಳಿಲ್ಲ. ಹಂಗಾದ್ರ ಅದು ನೋಡಿದ್ದು ಬ್ಯಾರೆ, ನಾ ನೋಡಿದ್ದು ಬ್ಯಾರೆ ಇರಬೇಕಲ್ರೀ. ಅದೇನು ಅಂತ ತಿಳಕೊಂಡು ಹೋಗೋಣಂತ ಬಂದೀನಿ."

ಇಷ್ಟು ನೇರವಾಗಿ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಆದರೂ ನನ್ನ ಜಂಬ ಇನ್ನೂ ಇಳಿದಿರಲಿಲ್ಲ. "ವಾರಗಟ್ಟಲೆ ಒಂದೇ ಸಂಖ್ಯೆ ಬರೆದಿದ್ದೀರಲ್ಲಾ, ನದಿ ಹಾಗೆ ನಿಂತಿರುತ್ತಾ?" ಎಂದೆ.

"ನಿಂತಿರ್ತೈತ್ರೀ. ನಮ್ಮ ಗೇಜು ಇರೋದು ಮಡುವಿನ್ಯಾಗ. ಕೆಳಗ ದೊಡ್ಡ ಬಂಡೆಗಲ್ಲು ಅಡ್ಡ ಅದಾವು. ಬ್ಯಾಸಗ್ಯಾಗ ಹೊಳಿ ಹರಿಯೋದು ನಿಂತ ಮ್ಯಾಲೂ ಅಲ್ಲಿ ನೀರು ತುಂಬಿಕೊಂಡೇ ಇರ್ತೈತಿ."

"ಈ ನಾಲ್ಕು ದಿನ ಬೇರೆ ಕೈಬರಹ ಇದೆಯಲ್ಲ?"

ಸಂಗಪ್ಪ ಮಗಳ ಕಡೆ ನೋಡಿದರು. ನೀಲವ್ವ ಮೊದಲ ಸಲ ಬಾಯಿಬಿಟ್ಟಳು. "ನಂದ್ರೀ ಅದು. ಅಪ್ಪಗ ಜ್ವರ ಬಂದಿತ್ತು. ನಾ ಊರಿಗೆ ಹೋಗಿದ್ದೆ. ಬಿಸಿಲಾಗ ನಾನ ಹೊಳೀಗಿ ಹೋಗಿ ನೋಡಿ ಬರದೀನಿ. ಮನ್ಯಾಗ ಕುಂತು ಬರದಿಲ್ಲ."

ಸಂಗಪ್ಪ ಚೀಲದಿಂದ ನೋಟ್‌ಪುಸ್ತಕಗಳನ್ನು ತೆಗೆದರು. ಇಲಾಖೆಗೆ ಕಳಿಸುವ ಪಟ್ಟಿಯಲ್ಲ, ಅವರ ಸ್ವಂತದ್ದು. ಒಂದೊಂದು ದಿನಕ್ಕೂ ಒಂದು ಸಾಲು. ನೀರಿನ ಅಳತೆಯ ಪಕ್ಕದಲ್ಲಿ ಗಾಳಿ ಯಾವ ಕಡೆಯಿಂದ, ನೀರಿನ ಬಣ್ಣ ಏನು, ಯಾವ ಹಕ್ಕಿ ಬಂದಿದೆ ಎಂದೂ ಇತ್ತು. 'ಇಂದು ಗೇಜಿನ ಮೇಲೆ ಕೊಕ್ಕರೆ ಕೂತಿತ್ತು, ಹಾರುವ ತನಕ ಕಾದು ಓದಿದೆ' ಎಂದು ಒಂದು ಕಡೆ ಬರೆದಿದ್ದರು. ಆ ಸಾಲು ಓದಿದ ಮೇಲೆ ನನಗೆ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ.

ಮೂರ್ತಿ ಸಾರ್ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಳಗೆ ಹೋಗಿ ಆ ಪ್ರದೇಶದ ದೊಡ್ಡ ಉಪಗ್ರಹ ಚಿತ್ರವೊಂದನ್ನು ತಂದು ಮೇಜಿನ ಮೇಲೆ ಹರಡಿದರು. ಆ ಚಿತ್ರದ ಕೃತಕ ಬಣ್ಣಗಳಲ್ಲಿ ನೆಲ ಕಂದು, ಬೆಳೆ ಕೆಂಪು, ನೀರು ಕಪ್ಪು. ನಾನು ಪೆನ್ಸಿಲಿನಿಂದ ಉಪಗ್ರಹದ ದಾರಿಯನ್ನು ಎಳೆದು ತೋರಿಸಿದೆ. ಸಂಗಪ್ಪ ಕನ್ನಡಕ ಹಾಕಿಕೊಂಡು ಬಾಗಿದರು. ತಮ್ಮ ಊರನ್ನು ಮೇಲಿನಿಂದ ಅವರು ನೋಡಿದ್ದು ಅದೇ ಮೊದಲು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ನೀಲವ್ವನಿಗೆ ಬೇಗ ಸಿಕ್ಕಿತು.

"ಅಪ್ಪಾ, ಇಲ್ನೋಡು. ಇದು ನಮ್ಮ ಹಳೇ ಹೊಳಿ ಅಲ್ಲೇನು?"

ಅವಳ ಬೆರಳು ನದಿಯ ಮೇಲಿರಲಿಲ್ಲ. ನದಿಯಿಂದ ಆಚೆ, ಕುಡುಗೋಲಿನಂತೆ ಬಾಗಿದ್ದ ಒಂದು ಸಣ್ಣ ಕಪ್ಪು ಗೆರೆಯ ಮೇಲಿತ್ತು.

"ಹೌದ ನೋಡವಾ!" ಎಂದರು ಸಂಗಪ್ಪ. "ಹಿಂದಕ ಹೊಳಿ ಅಲ್ಲಿ ಹರೀತಿತ್ತಂತ್ರೀ ಬಾಯಾರ. ಈಗ ಬರೇ ನಿಂತ ನೀರು. ಸುತ್ತ ಆಪಿನ ಹುಲ್ಲು ಎತ್ತರಕ ಬೆಳದೈತಿ, ಗಾಳಿ ಸೋಕಂಗಿಲ್ಲ. ಬ್ಯಾಸಗ್ಯಾಗ ಹೋಗಿ ನೋಡ್ರಿ, ಕನ್ನಡಿ ಇಟ್ಟಂಗ ಹೊಳೀತಿರ್ತೈತಿ."

ಮೂರ್ತಿ ಸಾರ್ ನನ್ನ ಕಡೆ ನೋಡಿದರು. ನನಗೂ ಆ ಕ್ಷಣದಲ್ಲೇ ಹೊಳೆಯಿತು.

"ನಿಮ್ಮ ಗೇಜಿನಿಂದ ಅದು ಎಷ್ಟು ದೂರ?" ಎಂದೆ.

"ಒಂದ ಮೈಲ್ ಆಕ್ಕೈತ್ರೀ."

ಇಲ್ಲಿ ಹೊಸಬರು ಗಮನಿಸಬೇಕು. ಉಪಗ್ರಹದ ಅಲೆ ಒಂದು ಬಿಂದುವಿಗೆ ಬಡಿಯುವುದಿಲ್ಲ, ಹಲವು ಕಿಲೋಮೀಟರ್ ಅಗಲಕ್ಕೆ ಹರಡಿ ಬೀಳುತ್ತದೆ. ಅಲ್ಲಿ ಯಾವ ನೀರು ಹೆಚ್ಚು ಹೊಳೆಯುತ್ತದೋ ಅದರ ಪ್ರತಿಧ್ವನಿಯೇ ಜೋರು. ಬೇಸಿಗೆಯಲ್ಲಿ ನದಿಯಲ್ಲಿ ಬಂಡೆ, ಮರಳು, ಗಾಳಿಗೆ ಏಳುವ ತೆರೆ. ಪಕ್ಕದ ಹಳೇ ಹೊಳೆಯ ಜೌಗಿನಲ್ಲಿ ಅಲುಗಾಡದ ನೀರು. ಉಪಗ್ರಹ ಓರೆಯಾಗಿ ಜೌಗನ್ನೇ ನೋಡುತ್ತಿತ್ತು. ಓರೆಯ ದೂರ ನೇರ ದೂರಕ್ಕಿಂತ ಹೆಚ್ಚು, ಆದ್ದರಿಂದ ನೀರು ಇರುವುದಕ್ಕಿಂತ ಕೆಳಗಿದ್ದಂತೆ ಲೆಕ್ಕ ಬರುತ್ತಿತ್ತು. ಒಂದು ಮೈಲಿ ಓರೆಗೆ ಎಷ್ಟು ವ್ಯತ್ಯಾಸ ಎಂದು ಅವರ ಎದುರೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದೂವರೆ ಮೀಟರಿಗೆ ಚೂರು ಜಾಸ್ತಿ ಬಂತು. ಐದು ನಿಮಿಷದ ಲೆಕ್ಕ. ಟಿಪ್ಪಣಿ ಬರೆಯುವ ಮೊದಲು ನಾನು ಮಾಡಬೇಕಾಗಿದ್ದ ಲೆಕ್ಕ.

"ಸಂಗಪ್ಪನವರೇ, ನೀವು ಬರೆದದ್ದು ಸರಿ ಇದೆ. ತಪ್ಪು ನನ್ನದು" ಎಂದೆ.

ಅವರು ಚಿತ್ರವನ್ನು ಇನ್ನೊಮ್ಮೆ ನೋಡಿದರು. "ಹಂಗಾದ್ರ ಮಶಿನ್ನೂ ಸುಳ್ಳ ಹೇಳಿಲ್ಲ ಅನ್ರೀ. ಪಾಪ, ಅದಕ್ಕ ಕಂಡಿದ್ದು ಅದು ಹೇಳೇತಿ" ಎಂದರು. ಆಮೇಲೆ ಕುಡಿಯಲು ನೀರು ಕೇಳಿದರು. ಒಂದರ ಮೇಲೊಂದು ಎರಡು ಲೋಟ ಕುಡಿದರು. ಅಷ್ಟು ಹೊತ್ತು ಅವರು ಎಷ್ಟು ಬಿಗಿ ಹಿಡಿದು ಕೂತಿದ್ದರೆಂದು ನನಗೆ ಆಗ ತಿಳಿಯಿತು.

ನೀಲವ್ವ ಬಿಡಲಿಲ್ಲ. "ಬಾಯಿಲೆ ಹೇಳಿದ್ರ ಆಗಂಗಿಲ್ರೀ ಅಕ್ಕಾರ. ಊರಾಗ ಎಲ್ಲಾರೂ ಅಪ್ಪಗ ಕಳ್ಳ ಅಂತಾರ. ಬರದು ಕೊಡ್ರಿ."

ಅವತ್ತೇ ಬರೆದೆ. ಹಿಂದಿನ ಟಿಪ್ಪಣಿ ತಪ್ಪು, ಗೇಜ್ ಅಳತೆ ಸರಿ, ತಪ್ಪು ವಿಶ್ಲೇಷಣೆ ಮಾಡಿದವಳು ನಾನು ಎಂದು. ಮೂರ್ತಿ ಸಾರ್ ಓದಿ, 'ಮಾಡಿದವಳು ನಾನು' ಎಂಬುದರ ಪಕ್ಕ 'ಪರಿಶೀಲಿಸದೆ ಸಹಿ ಮಾಡಿದವನು ನಾನು' ಎಂದು ತಮ್ಮ ಕೈಯಲ್ಲಿ ಸೇರಿಸಿ ಸಹಿ ಹಾಕಿದರು. ಮರುದಿನ ಇಬ್ಬರೂ ಅದನ್ನು ತೆಗೆದುಕೊಂಡು ಇಲಾಖೆಗೆ ಹೋದೆವು. ಅಲ್ಲಿನ ಹಿರಿಯ ಅಧಿಕಾರಿಗೆ ಕಿರಿಕಿರಿಯಾಯಿತು.

"ಒಬ್ಬ ಗೇಜ್ ಓದೋನಿಗೋಸ್ಕರ ನಿಮ್ಮ ಕೆಲಸಕ್ಕೇ ನೀವು ಮಸಿ ಬಳ್ಕೋತೀರಾ? ಮುಂದಿನ ವರ್ಷ ಸದ್ದಿಲ್ದೆ ಅವನನ್ನ ವಾಪಸ್ ಕೆಲಸಕ್ಕೆ ತಗೊಂಡ್ರಾಯ್ತು ಬಿಡಿ. ಈ ಕಾಗದ ಯಾಕೆ?"

ಮೂರ್ತಿ ಸಾರ್ ಮೆತ್ತಗಿನ ಮನುಷ್ಯ. ಅವತ್ತು ಮಾತ್ರ ಕುರ್ಚಿಯಿಂದ ಏಳಲಿಲ್ಲ. "ಕಾಗದಕ್ಕೆ ನಂಬರ್ ಹಾಕಿಸ್ಕೊಂಡೇ ಹೋಗ್ತೀವಿ ಸಾರ್" ಎಂದು ಕೂತರು. ಮಧ್ಯಾಹ್ನದವರೆಗೂ ಕೂತೆವು. ಕೊನೆಗೆ ಕಾಗದ ದಾಖಲೆ ಪುಸ್ತಕಕ್ಕೆ ಏರಿ ನಂಬರ್ ಬಿತ್ತು. ಆ ವರ್ಷ ದೊಡ್ಡ ಸಭೆಯೊಂದರಲ್ಲಿ ನಮ್ಮ ಕೆಲಸದ ಬಗ್ಗೆ ಹೇಳಲು ಕೊಟ್ಟಿದ್ದ ಅವಕಾಶವನ್ನು ಇಲಾಖೆಯವರು ವಾಪಸ್ ಪಡೆದರು. ಮಳೆ ಶುರುವಾಗುವ ಹೊತ್ತಿಗೆ ಸಂಗಪ್ಪ ಮತ್ತೆ ಗೇಜಿನ ಮುಂದಿದ್ದರು.

ಅಂದಿನಿಂದ ನಮ್ಮ ಕಚೇರಿಯ ಪದ್ಧತಿ ಬದಲಾಯಿತು. ಹೊಸ ಜಾಗದ ಲೆಕ್ಕ ಶುರು ಮಾಡುವ ಮೊದಲು ಅಲ್ಲಿ ವಾಸಿಸುವ ಒಬ್ಬರ ಹೆಸರು, ಅವರಿಗೆ ಸುದ್ದಿ ಮುಟ್ಟಿಸುವ ದಾರಿ ಹುಡುಕುತ್ತಿದ್ದೆವು. ದೋಣಿ ನಡೆಸುವವರು, ಮೇಷ್ಟ್ರು, ಮೀನು ಹಿಡಿಯುವ ಹೆಂಗಸರು. ಸುತ್ತಮುತ್ತ ಬೇರೆ ನೀರೇನಿದೆ, ಬೇಸಿಗೆಯಲ್ಲಿ ಯಾವುದು ಒಣಗುತ್ತದೆ, ಯಾವುದು ಉಳಿಯುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆವು. ಓರೆಯಾಗಿ ಬಂದ ಪ್ರತಿಧ್ವನಿಯನ್ನು ಗುರುತಿಸಿ ತಿದ್ದುವುದನ್ನೂ ಕಲಿತೆವು.

ಒಂದೆರಡು ವರ್ಷದ ನಂತರ, ಮಳೆಗಾಲ ಮುಗಿಯಿತು ಎಂದುಕೊಂಡಿದ್ದಾಗ ಉತ್ತರ ಕರ್ನಾಟಕದಲ್ಲಿ ಜೋರು ಮಳೆ ಹಿಡಿಯಿತು. ಸಂಗಪ್ಪ ಆಗ ಊರಿನಲ್ಲಿರಲಿಲ್ಲ. ನೀಲವ್ವನ ಮಗುವಿಗೆ ಹೆಸರಿಡಲು ಸುಂಕದಕಟ್ಟೆಗೆ ಬಂದಿದ್ದರು. ನಡೆಯಲಾಗದ ಅವರ ತಾಯಿ ಮಾತ್ರ ಕಿರಿಮಗನ ಜೊತೆ ಹಳ್ಳಿಯಲ್ಲಿದ್ದರು. ಎರಡು ದಿನದಿಂದ ಊರಿನ ಫೋನ್ ಹೋಗುತ್ತಿರಲಿಲ್ಲ, ಬಸ್ಸುಗಳು ನಿಂತಿದ್ದವು. ಗೇಜ್ ಕೊಚ್ಚಿಕೊಂಡು ಹೋಗಿದೆ ಎಂದಷ್ಟೇ ಇಲಾಖೆಯಿಂದ ಸುದ್ದಿ. ಸಂಗಪ್ಪ ಮಧ್ಯಾಹ್ನ ನೇರವಾಗಿ ನಮ್ಮ ಕಚೇರಿಗೆ ಬಂದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ.

"ಬಾಯಾರ, ನಿಮ್ಮ ಮಶಿನ್ನು ಎಂದು ದಾಟತೈತ್ರೀ ನಮ್ಮ ಊರ ಮ್ಯಾಲ?"

ನಾನು ಪಟ್ಟಿ ನೋಡಿದೆ. ಮೂವತ್ತೈದು ದಿನಕ್ಕೊಮ್ಮೆ ಬರುವ ಉಪಗ್ರಹ ಅವತ್ತು ಬೆಳಿಗ್ಗೆಯೇ ದಾಟಿತ್ತು. ಸಿಡಿಗಳ ಕಾಲ ಹೋಗಿ ಅಂತರ್ಜಾಲದಲ್ಲಿ ಅದೇ ದಿನ ಮಾಹಿತಿ ಬರುವ ಕಾಲ ಬಂದಿತ್ತು, ಆದರೆ ನಮ್ಮ ಸಂಪರ್ಕ ಆಮೆವೇಗ. ಮೂರ್ತಿ ಸಾರ್ ಉಳಿದ ಕಂಪ್ಯೂಟರುಗಳನ್ನೆಲ್ಲ ಆಫ್ ಮಾಡಿಸಿದರು. ಕೆಳಗಿನ ವರ್ಕ್‌ಶಾಪಿಗೆ ಹೋಗಿ ದೊಡ್ಡ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಕೇಳಿಕೊಂಡರು. ಅವರು ನಿಲ್ಲಿಸಿದರು. ಸಂಗಪ್ಪ ನನ್ನ ಪಕ್ಕದ ಸ್ಟೂಲಿನಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಕೂತರು.

ಪ್ರವಾಹದಲ್ಲಿ ಹೊಳೆ, ಹಳೇ ಹೊಳೆ ಎಲ್ಲ ಒಂದಾಗಿದ್ದವು. ಪ್ರತಿಧ್ವನಿ ಸ್ವಚ್ಛವಾಗಿತ್ತು. ಎರಡು ಸಲ ಲೆಕ್ಕ ಮಾಡಿ, ಮೂರನೇ ಸಲ ಮೂರ್ತಿ ಸಾರ್ ಕೈಯಲ್ಲಿ ಮಾಡಿಸಿ, ಆಮೇಲೆ ಹೇಳಿದೆ. "ನಿಮ್ಮ ಗೇಜಿನ ಅಳತೆಯಲ್ಲಿ ಹನ್ನೊಂದು ಮೀಟರ್ ನಲವತ್ತು. ಇವತ್ತು ಬೆಳಿಗ್ಗೆ."

ಅವರು ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲುಗುತ್ತಿತ್ತು. "ನಮ್ಮ ಮನಿ ಹೋತ್ರೀ. ಹನ್ನೊಂದಕ್ಕ ಬಾಗಲದಾಗ ನೀರು. ಶಾಲಿ ಹೊಸ್ತಿಲು ಹನ್ನೆರಡರ ಮ್ಯಾಲೈತಿ. ತಮ್ಮ ಶಾಣ್ಯಾ ಅದಾನ, ಅವ್ವನ್ನ ಹೊತ್ತುಕೊಂಡು ಶಾಲೀಗಿ ಹೋಗಿರ್ತಾನ. ಶಾಲಿ ಉಳದೈತ್ರೀ." ಕಣ್ಣು ತೆರೆದಾಗ ಅವು ತುಂಬಿದ್ದವು. "ಇಷ್ಟು ಸಾಕ್ರೀ."

ನಾನು ಅವರನ್ನು ಸುಂಕದಕಟ್ಟೆಯವರೆಗೆ ಆಟೋದಲ್ಲಿ ಬಿಟ್ಟು ಬಂದೆ. ನೀಲವ್ವ ಮಗುವನ್ನು ನನ್ನ ತೊಡೆಯ ಮೇಲಿಟ್ಟು, ಶೇಂಗಾ ಹೋಳಿಗೆ ತಂದುಕೊಟ್ಟಳು.

ನಾಲ್ಕನೇ ದಿನ ಸಂಗಪ್ಪ ಊರಿನಿಂದ ಫೋನ್ ಮಾಡಿದರು. "ಅವ್ವ ಶಾಲ್ಯಾಗ ಆರಾಮ ಅದಾಳ್ರೀ ಬಾಯಾರ. ಶಾಲಿ ಕಟ್ಟಿ ಗ್ವಾಡಿ ಮ್ಯಾಲ ನೀರಿನ ಗುರ್ತು ಅಳದು ನೋಡಿದೆ. ಮರುದಿನ ನಿಮ್ಮ ಅಳತೀಗಿಂತ ಒಂದು ಗೇಣು ಏರಿತ್ತು. ಹೊಸ್ತಿಲು ಮುಟ್ಟಿಲ್ಲ." ಮನೆ ಬಿದ್ದ ಸುದ್ದಿಯನ್ನು ಕೊನೆಯಲ್ಲಿ, ಏನೋ ಮರೆತಿದ್ದನ್ನು ಹೇಳುವಂತೆ ಹೇಳಿದರು.

ತಿಂಗಳ ಕೊನೆಯಲ್ಲಿ ಇಲಾಖೆಯ ಗೇಜ್ ಪಟ್ಟಿ ನಮ್ಮ ಕಚೇರಿಗೆ ಬಂತು. ಗೇಜ್ ಇಲ್ಲದ ದಿನಗಳ ಎದುರು ಸಂಗಪ್ಪ ಅಂದಾಜಿನ ಸಂಖ್ಯೆ ತುಂಬಿರಲಿಲ್ಲ. ಉದ್ದ ಗೆರೆ ಎಳೆದು ಖಾಲಿ ಬಿಟ್ಟಿದ್ದರು. ಒಂದು ದಿನದ ಎದುರು ಮಾತ್ರ ೧೧.೪೦ ಎಂದಿತ್ತು. ಷರಾ ಇರುವಲ್ಲಿ 'ಮೇಲಿನಿಂದ ನೋಡಿದ್ದು' ಎಂದು ಬರೆದಿದ್ದರು. ಓದಿದವರ ಹೆಸರು ಎಂಬ ಕಡೆ ತಮ್ಮ ಹೆಸರು ಹಾಕಿರಲಿಲ್ಲ. ದುಂಡಗಿನ ಅಕ್ಷರದಲ್ಲಿ 'ಸುಜಾತಾ ಬಾಯಾರು, ರಾಜಾಜಿನಗರ' ಎಂದಿತ್ತು.

ಇಲಾಖೆಯಲ್ಲಿ ಯಾರೂ ಅದನ್ನು ಹೊಡೆದುಹಾಕಲಿಲ್ಲ. ಕೃಷ್ಣೆಯ ಆ ಗೇಜಿನ ದಾಖಲೆಯಲ್ಲಿ ಒಂದು ದಿನದ ನೀರು ಓದಿದವಳು ಇವತ್ತಿಗೂ ನಾನೇ.